ದಂಡ ಒಂದ್ ಕೈಲಿ, ಜೊತೆಗಾರ ಪಕ್ಕದಲ್ಲಿ: ಸ್ಕೈರಿಮ್ ಆಡೋರ ಪ್ರಶ್ನೆಗಳು

ಈ ಸಲದ ಪ್ರಶ್ನೋತ್ತರ ಪೂರ್ತಿ ಸ್ಕೈರಿಮ್ ಅನ್ನೋ ಒಂದೇ ಕಂಪ್ಯೂಟರ್ ಆಟದ ಮೇಲೆ. ಹೋದ ಸಂಚಿಕೇಲಿ ಸ್ಕೈರಿಮ್‌ನ ಮಂತ್ರದಂಡಗಳ ಬಗ್ಗೆ ಎರಡೇ ಸಾಲು ಬರ್ದಿದ್ದೆ, ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. 2011ರ ನವೆಂಬರ್ 11ಕ್ಕೆ ಬಂದ ಆಟ, ಆಮೇಲೆ 2016ರಲ್ಲಿ ಸ್ಪೆಷಲ್ ಎಡಿಷನ್ ಅಂತ ಹೊಳಪು ಕೊಟ್ಟು ಮತ್ತೆ ಬಿಟ್ರು, ಇವತ್ತಿಗೂ ನಮ್ಮವರು ಹಳೇ ಲ್ಯಾಪ್‌ಟಾಪ್‌ನಲ್ಲಿ ಕೂತು ಹಿಮದ ಬೆಟ್ಟ ಹತ್ತಿ ಇಳೀತಾ ಇದಾರೆ ಅಂದ್ರೆ ನಂಗೆ ನಿಜಕ್ಕೂ ಖುಷಿ. ಬಂದಿರೋ ಪ್ರಶ್ನೆ ಎಲ್ಲಾ ಓದಿದ್ಮೇಲೆ ಒಂದು ಅನ್ಸಿದ್ದು, ಕೇಳೋರು ದಂಡದ ಬಗ್ಗೆ ಕೇಳಿದಾರೆ, ಆದ್ರೆ ತೊಂದ್ರೆ ಎಲ್ಲಾ ಜೊತೆಗಾರರದ್ದು, ಅಂದ್ರೆ ಆಟದೊಳಗೆ ನಮ್ಮ ಜೊತೆ ಬಂದು ಹೋರಾಡೋ ಪಾತ್ರಗಳದ್ದು. ನನ್ನ ಲೆಕ್ಕದಲ್ಲಿ ಇವೆರಡೂ ಒಂದೇ ವಿಷಯ. ಕೈಲಿರೋ ದಂಡ ಯಾವುದು ಅನ್ನೋದು, ಪಕ್ಕದಲ್ಲಿ ಯಾರು ನಿಂತಿದಾರೆ, ಎಷ್ಟು ಹತ್ರ ನಿಂತಿದಾರೆ ಅನ್ನೋದ್ರ ಮೇಲೆ ತೀರ್ಮಾನ ಆಗ್ಬೇಕು.

ದಾವಣಗೆರೆಯಿಂದ, ಸೆಕೆಂಡ್ ಪಿಯುಸಿ ಹುಡುಗ

ಅಣ್ಣಾ, ನನ್ನ ಜೊತೆಗಾರ್ತಿ ಲಿಡಿಯಾ ಸತ್ತೋದ್ಲು. ಉಸ್ಟೆನ್‌ಗ್ರಾವ್ ಸಮಾಧಿ ಒಳಗೆ ಮೂರು ಡ್ರಾಗರ್, ಅಂದ್ರೆ ಎದ್ದು ಬರೋ ಹೆಣಗಳು, ಒಟ್ಟಿಗೆ ಬಂದ್ವು, ನಾನು ಫೈರ್‌ಬಾಲ್ ದಂಡ ಬಿಟ್ಟೆ, ಹೊಗೆ ಹೋದ್ಮೇಲೆ ನೋಡಿದ್ರೆ ಅವಳೂ ಬಿದ್ದಿದ್ಲು. ಸೇವ್ ಇರೋದು ನಾಲ್ಕು ಗಂಟೆ ಹಿಂದಿಂದು. ಡ್ರಾಗರ್ ಕೊಂದಿದ್ದಾ ನಾನು ಕೊಂದಿದ್ದಾ? ಇನ್ನೇನಾದ್ರೂ ಮಾಡ್ಬಹುದಾ?

ತಮ್ಮಾ, ಬೇಜಾರಾಗ್ಬೇಡ, ಆದ್ರೆ ನಿಜ ಹೇಳ್ತೀನಿ, ಅದು ನಿನ್ನ ಬೆಂಕಿನೇ. ಈ ಆಟದಲ್ಲಿ ಜೊತೆಗಾರರ ಜೀವ ತೀರಾ ಕಡಿಮೆ ಆದಾಗ ಅವರು ಮೊಣಕಾಲೂರಿ ಕೂತ್ಬಿಡ್ತಾರೆ. ಹಂಗ್ ಕೂತಾಗ ಶತ್ರುಗಳು ಸಾಮಾನ್ಯವಾಗಿ ಅವರನ್ನ ಬಿಟ್ಟು ನಿನ್ನ ಕಡೆ ತಿರುಗ್ತಾರೆ, ಅವರು ಸ್ವಲ್ಪ ಹೊತ್ತು ಸುಧಾರಿಸ್ಕೊಂಡು ಮತ್ತೆ ಎದ್ದು ಕತ್ತಿ ಹಿಡೀತಾರೆ. ಆದ್ರೆ ಅದೇ ಹೊತ್ತಲ್ಲಿ ನಿನ್ನ ಕೈಯಿಂದ ಒಂದೇಟು ಬಿದ್ರೂ ಅಲ್ಲಿಗೆ ಮುಗೀತು, ಎದ್ದೇಳಲ್ಲ. ಫೈರ್‌ಬಾಲ್ ಒಬ್ಬರಿಗೆ ಬೀಳೋ ಮಂತ್ರ ಅಲ್ಲ, 15 ಅಡಿ ಸುತ್ತ 40 ಪಾಯಿಂಟ್ ಪೆಟ್ಟು, ಅದರ ಮೇಲೆ ಮೈಗೆ ಬೆಂಕಿ ಹತ್ಕೊಂಡು ಇನ್ನಷ್ಟು. 15 ಅಡಿ ಅಂದ್ರೆ ನಿಮ್ಮನೆ ಹಾಲ್‌ನ ಈ ಗೋಡೆಯಿಂದ ಆ ಗೋಡೆ. ಡ್ರಾಗರ್ ಕಾಲ ಹತ್ರ ಮೊಣಕಾಲೂರಿದ್ದ ಹುಡುಗಿ ಹೆಂಗ್ ತಪ್ಪಿಸ್ಕೋತಾಳೆ ಹೇಳು.

ನಂಗೂ ಹಿಂಗೇ ಆಗಿದೆ. ಡ್ವೆಮರ್ ಅನ್ನೋ ಹಳೇ ಜನಾಂಗದವರ ಒಂದು ಅವಶೇಷದಲ್ಲಿ, ಹಿತ್ತಾಳೆ ಪೈಪ್‌ಗಳಿಂದ ಹಬೆ ಬರ್ತಿತ್ತು, ಮುಂದೆ ಏನಿದೆ ಅಂತಾನೂ ಸರಿಯಾಗಿ ಕಾಣ್ತಿರ್ಲಿಲ್ಲ, ನಾನು ಸುಮ್ನೆ ಗುರಿ ಇಡದೇ ಬಿಟ್ಟೆ. ಹಬೆ ಸರಿದಾಗ ಲಿಡಿಯಾ ಒಂದು ಪಕ್ಕಕ್ಕೆ ಬಿದ್ದಿದ್ಲು, ಗುರಾಣಿ ಮೆಟ್ಟಿಲ ಮೇಲಿಂದ ಜಾರಿ ಕೆಳಗೆ ಹೋಗ್ತಾ ಇತ್ತು, ಅದರ ಟಣ್ ಟಣ್ ಶಬ್ದ ಇನ್ನೂ ನೆನಪಿದೆ. ಅವಳ ಚೀಲ ತೆಗೆದು ನೋಡಿದ್ರೆ ನಾನು ಆ ದಿನ ಪೂರ್ತಿ ಹೊರಿಸಿದ್ದ ಸಾಮಾನು, ಹತ್ತಾರು ಗಟ್ಟಿ, ಮೂರು ದಂಡ, ಒಂದೊಂದು ದಂಡ 8 ತೂಕ. ಒಂದನ್ನೂ ಎತ್ಕೊಳ್ಳೋಕೆ ಮನಸ್ಸಾಗ್ಲಿಲ್ಲ, ಹಳೇ ಸೇವ್‌ಗೆ ಹೋದೆ, ಎರಡು ಗಂಟೆ ಆಟ ಹೋಯ್ತು, ಹೋಗ್ಲಿ ಅನ್ಕೊಂಡೆ.

ನೀನೂ ಅದನ್ನೇ ಮಾಡು. ಪಿಸಿ ಆದ್ರೆ ಕನ್ಸೋಲ್ ತೆಗೆದು ಬದುಕಿಸೋ ಕಮಾಂಡ್ ಇದೆ, ಇಲ್ಲ ಅಂತಿಲ್ಲ, ಆದ್ರೆ ನಾಲ್ಕು ಗಂಟೆ ಮತ್ತೆ ಆಡೋದು ದೊಡ್ಡ ನಷ್ಟ ಅಲ್ಲ, ಉಸ್ಟೆನ್‌ಗ್ರಾವ್ ಎರಡನೇ ಸಲ ಬೇಗ ಮುಗಿಯುತ್ತೆ. ಮೊದ್ಲು ಸೆಟ್ಟಿಂಗ್ಸ್‌ಗೆ ಹೋಗಿ ರೆಸ್ಟ್, ವೇಟ್, ಟ್ರಾವೆಲ್ ಮೂರಕ್ಕೂ ಆಟೋಸೇವ್ ಆನ್ ಮಾಡು.

ಮುಂದಿನ ಸಲಕ್ಕೆ ಕಿವಿಮಾತು. ಇಕ್ಕಟ್ಟು ಸುರಂಗದಲ್ಲಿ ಫೈರ್‌ಬಾಲ್ ದಂಡ ಕೈಗೆ ತಗೋಬೇಡ, ಐಸ್ ಸ್ಪೈಕ್ ಅಥವಾ ಲೈಟ್ನಿಂಗ್ ಬೋಲ್ಟ್ ದಂಡ ಇಟ್ಕೋ, ಅವು ಗುರಿ ಇಟ್ಟ ಕಡೆ ಒಬ್ಬರಿಗೇ ಹೋಗೋದು. ಚೈನ್ ಲೈಟ್ನಿಂಗ್ ಬೇಡ, ಅದು ಒಬ್ಬರಿಂದ ಇನ್ನೊಬ್ಬರಿಗೆ ಹಾರುತ್ತೆ. ಫೈರ್‌ಬಾಲ್ ಹೊಡೀಲೇಬೇಕು ಅಂದ್ರೆ ಲಿಡಿಯಾನ ಬಾಗಿಲ ಹಿಂದೆ ನಿಲ್ಲಿಸಿ ಬಾ. ಅವಳ ಕಡೆ ನೋಡ್ತಾ ಆಕ್ಷನ್ ಬಟನ್ ಒತ್ತಿ ಹಿಡ್ಕೋ, ಪಿಸಿಯಲ್ಲಿ ಇ ಕೀ, ಆಗ ಆಜ್ಞೆ ಕೊಡೋ ಗುರುತು ಬರುತ್ತೆ, ನೆಲ ತೋರಿಸಿದ್ರೆ ಅಲ್ಲೇ ಹೋಗಿ ನಿಲ್ತಾಳೆ, ಶತ್ರು ತೋರಿಸಿದ್ರೆ ಅವನ ಮೇಲೆ ಹೋಗ್ತಾಳೆ. ಎಷ್ಟೋ ಜನ ಈ ಬಟನ್ ಮುಟ್ಟದೇ ಇಡೀ ಆಟ ಮುಗಿಸಿರ್ತಾರೆ. ಇನ್ನೊಂದು, ಹೀಲಿಂಗ್ ಹ್ಯಾಂಡ್ಸ್ ಅನ್ನೋ ಸಣ್ಣ ಮಂತ್ರ ಕಲ್ತ್ಕೋ, ಇನ್ನೊಬ್ಬರ ಗಾಯ ವಾಸಿ ಮಾಡೋದು, ಅದೇ ಕೆಲಸ ಮಾಡೋ ದಂಡನೂ ಇದೆ, ಸ್ಟಾಫ್ ಆಫ್ ಮೆಂಡಿಂಗ್. ಅದನ್ನ ಅಂಗಡೀಲಿ ಕಂಡ್ರೆ ಜನ ಮುಟ್ಟೂ ನೋಡಲ್ಲ, ಪೆಟ್ಟು ಕೊಡಲ್ಲ ಅಂತ. ನಾನು ಕಂಡ ಕೂಡ್ಲೇ ತಗೋತೀನಿ. ಲಿಡಿಯಾ ಮೊಣಕಾಲೂರಿದ್ದಾಗ ಎರಡು ಸೆಕೆಂಡ್ ಅದನ್ನ ಅವಳ ಕಡೆ ಹಿಡಿದ್ರೆ ಸಾಕು, ಎದ್ದು ನಿಲ್ತಾಳೆ.

ಶಿವಮೊಗ್ಗದಿಂದ, ಬ್ಯಾಂಕ್ ಉದ್ಯೋಗಿ

ಸರ್, ನಾನು ಮೊನ್ನೆ ಮೊನ್ನೆ ಶುರು ಮಾಡಿದ್ದು. ಒಳ್ಳೆ ದಂಡ ಸಿಗುತ್ತೆ, ಹತ್ತಿಪ್ಪತ್ತು ಸಲ ಹೊಡೆದ್ಮೇಲೆ ಖಾಲಿ, ಆಮೇಲೆ ಬರೀ ಕೋಲು. ಮಾರಿಬಿಡ್ತಾ ಇದೀನಿ. ಸರಿನಾ?

ಅಯ್ಯೋ ಮಾರ್ಬೇಡಿ ಮೇಡಂ. ದಂಡಕ್ಕೆ ನಿಮ್ಮ ಮ್ಯಾಜಿಕಾ, ಅಂದ್ರೆ ಮಂತ್ರ ಹಾಕೋ ಶಕ್ತಿ, ಬೇಡ, ಯಾವ ವಿದ್ಯೆನೂ ಬರದೇ ಇದ್ರೂ ಯಾರು ಬೇಕಾದ್ರೂ ಹಿಡೀಬಹುದು, ಅದರ ಬದ್ಲು ಅದ್ರೊಳಗೇ ಒಂದು ಚಾರ್ಜ್ ತುಂಬಿರುತ್ತೆ. ಅದು ಮುಗಿದ್ರೆ ತುಂಬಿರೋ ಸೋಲ್ ಜೆಮ್, ಅಂದ್ರೆ ಕೊಂದ ಪ್ರಾಣಿಯ ಆತ್ಮ ಹಿಡಿದಿಟ್ಟ ಕಲ್ಲು, ಹಾಕಿ ಮತ್ತೆ ತುಂಬ್ಬೇಕು. ಇನ್ವೆಂಟರಿಲಿ ದಂಡದ ಮೇಲೆ ಇಟ್ಟು ಕೀಬೋರ್ಡ್‌ನಲ್ಲಿ ಟಿ ಒತ್ತಿ, ನಿಮ್ಮ ಹತ್ರ ಇರೋ ಜೆಮ್‌ಗಳ ಪಟ್ಟಿ ಬರುತ್ತೆ. ಬ್ಯಾಂಕ್‌ನಲ್ಲಿರೋರಿಗೆ ಲೆಕ್ಕ ಸುಲಭ: ಪೆಟ್ಟಿ ಜೆಮ್‌ಗೆ 250, ಲೆಸ್ಸರ್‌ಗೆ 500, ಕಾಮನ್‌ಗೆ 1000, ಗ್ರೇಟರ್‌ಗೆ 2000, ಗ್ರ್ಯಾಂಡ್‌ಗೆ 3000. ಇದು ತುಂಬಿದ ಆತ್ಮದ ಲೆಕ್ಕ. ದೊಡ್ಡ ಜೆಮ್‌ಗೆ ಸಣ್ಣ ಆತ್ಮ ಬಿದ್ರೆ ಸಣ್ಣದರ ಬೆಲೆನೇ ಸಿಗೋದು. ಅದಕ್ಕೆ ತೋಳ, ಸ್ಕೀವರ್ ಅನ್ನೋ ದೊಡ್ಡ ಇಲಿ ಹೊಡೆಯೋವಾಗ ಗ್ರ್ಯಾಂಡ್ ಜೆಮ್ ಚೀಲದಲ್ಲಿ ಇಟ್ಕೊಂಡು ತಿರುಗ್ಬೇಡಿ, ಸಣ್ಣ ಜೆಮ್‌ಗಳು ಖಾಲಿ ಇಲ್ಲ ಅಂದ್ರೆ ಆ ಬಡ ತೋಳದ ಆತ್ಮ ದೊಡ್ಡದರಲ್ಲಿ ಹೋಗಿ ಕೂರುತ್ತೆ. ಗ್ರ್ಯಾಂಡ್ ತುಂಬೋಕೆ ಮ್ಯಾಮತ್ ಬೇಕು, ಜೊತೆಗಾರರನ್ನ ದೂರ ನಿಲ್ಲಿಸಿ ಹೋಗಿ, ಅದರ ಜೊತೆ ದೈತ್ಯ ಇರ್ತಾನೆ, ಅವನ ಒಂದು ಗದೆ ಏಟಿಗೆ ನೀವು ಆಕಾಶಕ್ಕೆ.

ಹಂಗೆ ಚಾರ್ಜ್ ಮಾಡಿದ ಪ್ರತಿ ಸಲ ವಸ್ತುಗಳಿಗೆ ಮಂತ್ರ ತುಂಬೋ ನಿಮ್ಮ ಎನ್‌ಚಾಂಟಿಂಗ್ ವಿದ್ಯೆನೂ ಸ್ವಲ್ಪ ಸ್ವಲ್ಪ ಏರುತ್ತೆ, ಅದು ಲಾಭ. ದಂಡ ಬಳಸಿದ್ರೆ ಡಿಸ್ಟ್ರಕ್ಷನ್, ಅಂದ್ರೆ ಪೆಟ್ಟು ಕೊಡೋ ಮಂತ್ರಗಳ ವಿದ್ಯೆ, ಏರಲ್ಲ, ಆದ್ರೆ ಡಿಸ್ಟ್ರಕ್ಷನ್ ಏರಿಸ್ಕೊಂಡಿದ್ರೆ ಬೆಂಕಿ ದಂಡದಲ್ಲಿ ಒಂದು ಚಾರ್ಜ್‌ಗೆ ಜಾಸ್ತಿ ಏಟು ಸಿಗುತ್ತೆ, ಅಂದ್ರೆ ಬರೀ ಮಂತ್ರಾನೂ ಬಳಸ್ತಾ ಇರಿ, ದಂಡಾನೂ ಬಳಸ್ತಾ ಇರಿ.

ಜೆಮ್ ಹುಡುಕಿ ಹುಡುಕಿ ಸಾಕಾದ್ರೆ ವಿಂಟರ್‌ಹೋಲ್ಡ್ ಊರಿನ ದಕ್ಷಿಣಕ್ಕೆ ಬೆಟ್ಟದ ಮೇಲೆ ಅಝೂರಾ ದೇವಿ ಮೂರ್ತಿ ಇದೆ, ಅಷ್ಟು ದೊಡ್ಡದು, ದೂರದಿಂದಾನೇ ಕಾಣುತ್ತೆ, ಅಲ್ಲಿ ಅರಾನಿಯಾ ಅಂತ ಪೂಜೆ ಮಾಡ್ಕೊಂಡು ಇರೋ ಒಬ್ಬಳು ಡಾರ್ಕ್ ಎಲ್ಫ್ ಇದಾಳೆ. ಅವಳ ಮಾತು ಕೇಳಿ ಮುಂದೆ ಹೋದ್ರೆ ಅಝೂರಾಸ್ ಸ್ಟಾರ್ ಅನ್ನೋ ನಕ್ಷತ್ರದಂಥ ಸೋಲ್ ಜೆಮ್ ಸಿಗುತ್ತೆ, ಎಷ್ಟು ಸಲ ಬಳಸಿದ್ರೂ ಒಡೆಯಲ್ಲ, ಮತ್ತೆ ಮತ್ತೆ ತುಂಬಿಸ್ಕೋಬಹುದು. ಕೊನೇಲಿ ಒಂದು ಆಯ್ಕೆ ಬರುತ್ತೆ. ನಕ್ಷತ್ರಾನ ಅಝೂರಾಗೇ ಕೊಟ್ರೆ ಅರಾನಿಯಾ ನಿಮ್ಮ ಜೊತೆ ಬರೋಕೆ ಒಪ್ಕೋತಾಳೆ. ವಿಂಟರ್‌ಹೋಲ್ಡ್ ಛತ್ರದಲ್ಲಿರೋ ನೆಲಕಾರ್ ಅನ್ನೋ ಮಾಂತ್ರಿಕನಿಗೆ ಕೊಟ್ರೆ ಅದು ಬ್ಲ್ಯಾಕ್ ಸ್ಟಾರ್ ಆಗುತ್ತೆ, ಮನುಷ್ಯರ ಆತ್ಮಾನೂ ಹಿಡಿಯುತ್ತೆ. ಲೆಕ್ಕದಲ್ಲಿ ಬ್ಲ್ಯಾಕ್ ಸ್ಟಾರ್ ಜೋರು, ಯಾಕಂದ್ರೆ ದಾರೀಲಿ ಸಿಗೋ ಡಕಾಯಿತರೆಲ್ಲಾ ಗ್ರ್ಯಾಂಡ್ ಆತ್ಮನೇ. ನಾನು ಮೂರು ಸಲ ಆಟ ಮುಗಿಸಿದೀನಿ, ಮೂರು ಸಲಾನೂ ಅರಾನಿಯಾನ ಕರ್ಕೊಂಡ್ ಬಂದೆ. ಅಷ್ಟು ವರ್ಷ ಆ ಚಳೀಲಿ ಒಬ್ಬಳೇ ಮೂರ್ತಿ ಮುಂದೆ ಕೂತು ನೀವು ಬರ್ತೀರಾ ಅಂತ ದಾರಿ ಕಾದವಳು ಅವಳು.

ಧಾರವಾಡದಿಂದ, ಶಾಲಾ ಶಿಕ್ಷಕರು

ಸರ ನಮಸ್ಕಾರ್ರಿ. ಕಾಲೇಜಿಗೆ ಹೋಗೋ ಮಗನ ಜೋಡಿ ರಾತ್ರಿ ಊಟಾ ಆದಮ್ಯಾಲೆ ಕೂತು ಆಡ್ತೀನಿ. ಡಾನ್‌ಸ್ಟಾರ್ ಊರ ಮ್ಯಾಲಿನ ಗುಡಿಯೊಳಗ ಎರಾಂಡರ್ ಅನ್ನೋ ಪೂಜಾರಿ ಮಂತ್ರಾ ಹೇಳ್ಕೋತ ನಿಂತಾನ, ಮ್ಯಾಲಿಂದ ಕೆಟ್ಟ ಕನಸಿನ ದೇವತಿ ವರ್ಮಿನಾ ಧ್ವನಿ ಅವನ್ನ ಕೊಲ್ಲು, ದಂಡ ನಿಂದಾಗತೈತಿ ಅಂತದ. ಮಗ ಕೊಲ್ಲೂಣು ಅಂತಾನ, ನನಗ ಮನಸ್ಸಿಲ್ಲ. ಆಟಾ ಅಲ್ಲೇ ನಿಲ್ಲಿಸಿ ಮಲಗೀವಿ. ಆ ದಂಡ ಅಷ್ಟು ಛಲೋ ಐತೇನ್ರಿ?

ಮಾಸ್ತರ್ರೇ, ನಿಮ್ಮ ಪತ್ರ ಓದಿ ತುಂಬಾ ಹೊತ್ತು ಕೂತಿದ್ದೆ. ಈ ಅಂಕಣಕ್ಕೆ ಇದುವರೆಗೂ ಬಂದಿರೋದ್ರಲ್ಲಿ ನನಗೆ ತುಂಬಾ ಇಷ್ಟ ಆದ ಪ್ರಶ್ನೆ ಇದು.

ಮೊದ್ಲು ದಂಡದ ಮಾತು ಮುಗಿಸ್ತೀನಿ. ಸ್ಕಲ್ ಆಫ್ ಕರಪ್ಷನ್ ಅಂತ ಅದರ ಹೆಸರು. ಸುಮ್ನೆ ಹೊಡೆದ್ರೆ 20 ಪಾಯಿಂಟ್ ಪೆಟ್ಟು, ಮಲಗಿರೋ ಜನರ ಮೇಲೆ ಅದನ್ನ ಹಿಡಿದು ಅವರ ಕನಸು ಕದ್ದು ತುಂಬಿಸ್ಕೊಂಡಿದ್ರೆ 50. ಅಂದ್ರೆ ನೀವು ಪ್ರತಿ ರಾತ್ರಿ ಯಾರದೋ ಮನೆಗೆ ನುಗ್ಗಿ ಮಂಚದ ಪಕ್ಕ ನಿಂತು ದಂಡಕ್ಕೆ ಮೇವು ಹಾಕ್ಬೇಕು. 50 ಪೆಟ್ಟು ಅನ್ನೋದು ಆಟದ ಮಧ್ಯಭಾಗದಲ್ಲಿ ಪರವಾಗಿಲ್ಲ, ಆದ್ರೆ ಲೆವೆಲ್ ಏರಿದ್ಮೇಲೆ ಅದೇನು ದೊಡ್ಡ ಆಯುಧ ಅಲ್ಲ. ಒಂದೇ ಕಾರಣಕ್ಕೆ ಜನ ಅದನ್ನ ಬಯಸ್ತಾರೆ, ಒಬ್ಲಿವಿಯನ್ ವಾಕರ್ ಅನ್ನೋ ಅಚೀವ್‌ಮೆಂಟ್‌ಗೆ ವರ್ಮಿನಾ ಥರದ ಡೇಡ್ರಾ ದೇವತೆಗಳ 15 ವಸ್ತು ಕೂಡಿಸ್ಬೇಕು, ಅದರಲ್ಲಿ ಇದೂ ಒಂದು. ಮಗನಿಗೆ ಆ ಆಸೆ ಇದ್ರೆ ಅದು ತಪ್ಪೇನಲ್ಲ, ಗುಡಿಯೊಳಗಿನ ಆ ಸೇವ್‌ನ ಬೇರೆ ಇಟ್ಕೊಂಡು ಅವನ ದಾರಿ ಅವನು ನೋಡ್ಲಿ, ನಿಮ್ಮ ದಾರಿ ನೀವು ಹೋಗಿ.

ಈಗ ಎರಾಂಡರ್ ಮಾತು. ನೀವು ಆ ಗುಡಿಯಲ್ಲಿ ಇಷ್ಟು ದೂರ ಬಂದಿದೀರಾ ಅಂದ್ರೆ ಅವನ ಕಥೆ ಕೇಳಿರ್ತೀರಾ, ಆದ್ರೂ ರಾತ್ರಿ ಹೊತ್ತು ನಿದ್ದೆಗಣ್ಣಲ್ಲಿ ಕೆಲವು ಮಾತು ತಪ್ಪಿ ಹೋಗಿರುತ್ತೆ, ಅದಕ್ಕೆ ಹೇಳ್ತೀನಿ. ಊರಿನವರಿಗೆಲ್ಲಾ ಕೆಟ್ಟ ಕನಸು, ಯಾರಿಗೂ ನಿದ್ದೆ ಇಲ್ಲ, ಅವನು ಛತ್ರದಲ್ಲಿ ಕೂತು ಒಬ್ಬೊಬ್ಬರಿಗೂ ಧೈರ್ಯ ಹೇಳ್ತಾ ಇರ್ತಾನೆ. ಆಮೇಲೆ ಗೊತ್ತಾಗುತ್ತೆ, ಅವನೇ ಒಂದು ಕಾಲಕ್ಕೆ ಇದೇ ಗುಡೀಲಿ ವರ್ಮಿನಾ ಅರ್ಚಕ ಆಗಿದ್ದ, ಆಗ ಅವನ ಹೆಸರು ಕ್ಯಾಸಿಮಿರ್. ಕನಸಿನ ಕಾಟ ತಾಳ್ಲಾರ್ದೇ ಓರ್ಕ್‌ಗಳು ಗುಡಿ ಮೇಲೆ ದಾಳಿ ಮಾಡಿದಾಗ ಅರ್ಚಕರು ಒಳಗಿದ್ದೋರೆಲ್ಲಾ ನಿದ್ದೆಗೆ ಜಾರೋ ಹೊಗೆ ಬಿಡ್ತಾರೆ, ಓರ್ಕ್‌ಗಳೂ ಮಲಗ್ತಾರೆ, ಅರ್ಚಕರೂ ಮಲಗ್ತಾರೆ, ಕ್ಯಾಸಿಮಿರ್ ಒಬ್ಬ ಮಾತ್ರ ತನ್ನ ಜೊತೆಯವರನ್ನ ಅಲ್ಲೇ ಬಿಟ್ಟು ಓಡಿ ಹೋಗ್ತಾನೆ. ನೀವು ಹಿಂದೆ ನಡೆದದ್ದನ್ನ ತೋರಿಸೋ ಔಷಧ ಕುಡಿದು ಕನಸಿನೊಳಗೆ ಹೋದಾಗ ಸರಪಳಿ ಎಳೆದು ಆ ಹೊಗೆ ಬಿಡೋದು ನಿಮ್ಮ ಕೈನೇ, ಅಂದ್ರೆ ಕ್ಯಾಸಿಮಿರ್ ಕೈ. ಇದನ್ನ ಆಟ ಬಾಯಲ್ಲಿ ಹೇಳಿ ಮುಗಿಸ್ಬಹುದಿತ್ತು, ನಿಮ್ಮ ಕೈಯಿಂದಾನೇ ಮಾಡ್ಸುತ್ತೆ. ಆಮೇಲೆ ಎದ್ದ ಹಳೇ ಗೆಳೆಯರು ಇಬ್ಬರು, ವೆರೆನ್ ಮತ್ತೆ ಥೊರೆಕ್, ಎದುರು ನಿಂತು ನೀನು ನಮ್ಮನ್ನ ಬಿಟ್ಟು ಓಡಿದೆ ಅಂತಾರೆ, ಅವನ ಹತ್ರ ಉತ್ತರ ಇರಲ್ಲ, ಅವರನ್ನ ಕೊಂದು ಮುಂದೆ ಬರ್ಬೇಕಾಗುತ್ತೆ. ಇಷ್ಟೆಲ್ಲಾ ದಾಟಿ ಬಂದು, ತಾನು ಹಿಂದೆ ಪೂಜೆ ಮಾಡ್ತಿದ್ದ ದಂಡದ ಮುಂದೆ ನಿಂತು ಅದನ್ನ ನಾಶ ಮಾಡೋಕೆ ಮಾರಾ ದೇವಿಯ ಮಂತ್ರ ಹೇಳ್ತಾ ಇದಾನೆ, ಬೆನ್ನು ನಿಮ್ಮ ಕಡೆ. ಆ ಬೆನ್ನನ್ನ ಗಮನಿಸಿ ಮಾಸ್ತರ್ರೇ. ಒಂದ್ಸಲ ಗೆಳೆಯರಿಗೆ ಬೆನ್ನು ತಿರುಗಿಸಿ ಓಡಿದ ಮನುಷ್ಯ ಈಗ ನಿಮ್ಮನ್ನ ನಂಬಿ ಬೆನ್ನು ಕೊಟ್ಟು ನಿಂತಿದಾನೆ.

ಏನೂ ಮಾಡದೇ ಸುಮ್ನೆ ನಿಂತ್ಕೊಳಿ. ಆಟ ಬೇರೇನೂ ಕೇಳಲ್ಲ, ಯಾವ ಬಟನ್ನೂ ಒತ್ತೋದು ಬೇಡ. ಮಂತ್ರ ಮುಗಿಯುತ್ತೆ, ದಂಡ ನಾಶ ಆಗುತ್ತೆ, ಊರಿಗೆ ನಿದ್ದೆ ಬರುತ್ತೆ, ಅವನು ನಿಮ್ಮ ಜೊತೆ ಬರ್ತೀನಿ ಅಂತಾನೆ. ಗದೆ ಹಿಡೀತಾನೆ, ಬೆಂಕಿ ಮಂತ್ರ ಬಲ್ಲ, ಗಾಯ ವಾಸಿ ಮಾಡ್ಕೋತಾನೆ, ನಡೆದಾಡೋ ಜೊತೆಗಾರರಲ್ಲಿ ಒಳ್ಳೆಯವನೇ. 50 ಪೆಟ್ಟಿನ ದಂಡಕ್ಕಿಂತ ಯುದ್ಧದಲ್ಲೂ ಅವನೇ ಮೇಲು ಅನ್ನೋದು ನನ್ನ ಅನುಭವ, ದಂಡಕ್ಕೆ ಜೆಮ್ ಹಾಕ್ಬೇಕು, ಕನಸು ಕದೀಬೇಕು, ಅವನಿಗೆ ಏನೂ ಬೇಡ.

ಇದೇ ಥರ ಇನ್ನೊಂದು ಬರುತ್ತೆ ನಿಮ್ಗೆ, ಕ್ಲಾವಿಕಸ್ ವೈಲ್ ಅನ್ನೋ ಇನ್ನೊಬ್ಬ ಡೇಡ್ರಾ ಕಥೇಲಿ, ಬಾರ್ಬಸ್ ಅನ್ನೋ ಮಾತಾಡೋ ನಾಯಿ. ಅಲ್ಲೂ ಕೊನೇಲಿ ನಾಯಿನ ಕೊಂದ್ರೆ ಕೊಡಲಿ ನಿಮ್ದು, ಬಿಟ್ರೆ ಮುಖವಾಡ ಅಂತ ಆಯ್ಕೆ. ಆ ಕೊಡಲಿ ಅಚೀವ್‌ಮೆಂಟ್ ಲೆಕ್ಕಕ್ಕೂ ಬರಲ್ಲ. ಮಗನಿಗೆ ಹೇಳಿಡಿ.

ಕುಂದಾಪುರದಿಂದ, ಹೆಸರು ಬೇಡ ಅಂದವರು

ವಬ್ಬಾಜ್ಯಾಕ್ ದಂಡ ನನ್ನ ಜೊತೆಗಾರನ ಮೇಲೆ ಹೊಡೆದ್ರೆ ಏನಾಗುತ್ತೆ?

ಹೊಡೀಬೇಡಿ. ಆ ದಂಡದಿಂದ ಏನು ಬರುತ್ತೆ ಅಂತ ಹೊಡೆಯೋವರೆಗೂ ಯಾರಿಗೂ ಗೊತ್ತಿರಲ್ಲ, ಒಂದ್ಸಲ ಎದುರಿಗಿದ್ದವನು ಕೋಳಿ ಆಗ್ತಾನೆ, ಒಂದ್ಸಲ ಸ್ವೀಟ್‌ರೋಲ್, ಒಂದ್ಸಲ ಚೀಸ್ ಗುಡ್ಡೆ, ಒಂದ್ಸಲ ಬೆಂಕಿ, ಒಂದ್ಸಲ ಅವನ ಗಾಯಾನೇ ವಾಸಿ ಆಗುತ್ತೆ. ಸ್ವೀಟ್‌ರೋಲ್ ಆದವರು ವಾಪಸ್ ಬರಲ್ಲ. ಸಾಲಿಟ್ಯೂಡ್ ಅರಮನೇಲಿ ಬಾಗಿಲು ಹಾಕಿಟ್ಟ ಪೆಲೇಜಿಯಸ್ ಭಾಗಕ್ಕೆ ಹೋಗಿ ಆ ದಂಡ ತರೋದೇನೋ ಚೆಂದ, ಇಡೀ ಆಟದಲ್ಲಿ ಅದಕ್ಕಿಂತ ವಿಚಿತ್ರ ಜಾಗ ಇಲ್ಲ, ಆದ್ರೆ ಅದನ್ನ ಕೈಗೆ ತಗೋಳೋವಾಗ ಜೊತೆಗಾರರನ್ನ ದೂರ ನಿಲ್ಲಿಸಿ. ಒಬ್ಬನೇ ದೊಡ್ಡ ಶತ್ರು, ಗೆಲ್ಲೋ ದಾರಿನೇ ಕಾಣ್ತಿಲ್ಲ ಅನ್ನೋವಾಗ ತೆಗೀರಿ.

ಮಸ್ಕತ್‌ನಿಂದ, ನೈಟ್ ಶಿಫ್ಟ್ ಟೆಕ್ನಿಷಿಯನ್

ಸರ್, ನಾವು ರೂಮಲ್ಲಿ ನಾಲ್ಕು ಜನ ಮಂಗಳೂರು ಕಡೆಯವರು, ಒಂದೇ ಕಂಪ್ಯೂಟರ್, ಪಾಳಿ ಮೇಲೆ ಆಡ್ತೀವಿ. ಈ ಸಲ ನಾನು ಕತ್ತಿ ಇಲ್ದೆ, ಮಂತ್ರ ಇಲ್ದೆ, ಬರೀ ದಂಡಗಳಲ್ಲೇ ಆಟ ಮುಗಿಸ್ತೀನಿ ಅಂತ ಪಂಥ ಕಟ್ಟಿದೀನಿ. ಆಗುತ್ತಾ? ಯಾರನ್ನ ಜೊತೆಗೆ ಇಟ್ಕೊಳ್ಲಿ?

ಆಗುತ್ತೆ, ನಿಧಾನ ಆಗುತ್ತೆ. ಎರಡು ಕೈಗೂ ಒಂದೊಂದು ದಂಡ ಹಿಡೀಬಹುದು, ಆದ್ರೆ ಮಂತ್ರದ ಥರ ಎರಡನ್ನೂ ಕೂಡಿಸಿ ಒಂದೇ ದೊಡ್ಡ ಏಟು ಹೊಡೆಯೋಕಾಗಲ್ಲ, ಬೇರೆ ಬೇರೆನೇ ಹೋಗುತ್ತೆ. ನನ್ನ ಸಲಹೆ ಬಲಗೈಗೆ ಪೆಟ್ಟಿನ ದಂಡ, ಎಡಗೈಗೆ ಅಟ್ರೊನಾಕ್, ಅಂದ್ರೆ ಬೆಂಕಿ ಇಲ್ಲಾ ಹಿಮದ ಮೈಯ ಜೀವಿ, ಕರೆಯೋ ದಂಡ. ಹಂಗೆ ನಿಮ್ಮ ಮುಂದೆ ಜೊತೆಗಾರ ಒಬ್ಬ, ಅಟ್ರೊನಾಕ್ ಒಂದು, ಇಬ್ಬರು ಗೋಡೆ ಥರ ನಿಲ್ತಾರೆ. ಕೈಲಿ ಗುರಾಣಿ ಇಲ್ದೇ ಆಡೋನಿಗೆ ಜೊತೆಗಾರನೇ ಗುರಾಣಿ, ಅದನ್ನ ಮರೀಬೇಡಿ.

ಜೊತೆಗಾರರಿಗೂ ದಂಡ ಕೊಡಿ. ವಸ್ತು ಬದಲಾಯಿಸ್ಕೊಳ್ಳೋ ಮಾತು ತೆಗೆದು ಚೀಲಕ್ಕೆ ಹಾಕಿ, ಹೋರಾಟದಲ್ಲಿ ತೆಗೀತಾರೆ. ಎಲ್ಲರೂ ಒಂದೇ ಥರ ಬಳಸಲ್ಲ, ಕೆಲವರು ದೂರ ಇದ್ದಾಗ ಮಾತ್ರ ತೆಗೆದು ಹತ್ರ ಬಂದ್ಮೇಲೆ ಕತ್ತಿಗೆ ಬದಲಾಯಿಸ್ತಾರೆ, ಒಂದೆರಡು ಜಗಳದಲ್ಲಿ ನೋಡಿ ತಿಳ್ಕೋಬೇಕು. ನಾನು ಕೊಟ್ಟಿದ್ರಲ್ಲಿ ತುಂಬಾ ಕೆಲಸಕ್ಕೆ ಬಂದಿದ್ದು ಸ್ಯಾಂಗ್ವಿನ್ ರೋಸ್ ಅನ್ನೋ ದಂಡ, 14ನೇ ಲೆವೆಲ್ ಆದ್ಮೇಲೆ ಯಾವುದಾದ್ರೂ ಛತ್ರದಲ್ಲಿ ಸ್ಯಾಮ್ ಅನ್ನೋನು ಕುಡಿಯೋ ಪಂದ್ಯಕ್ಕೆ ಕರೀತಾನೆ, ಒಪ್ಕೊಂಡು ಆ ಕಥೆ ಪೂರ್ತಿ ಮಾಡಿದ್ರೆ ಸಿಗುತ್ತೆ, 60 ಸೆಕೆಂಡ್ ಡ್ರೆಮೋರಾ ಅನ್ನೋ ಒಬ್ಬ ರಾಕ್ಷಸ ಯೋಧ ಬಂದು ನಿಮ್ಮ ಪರ ಹೋರಾಡ್ತಾನೆ. ಅದನ್ನ ಜೊತೆಗಾರನ ಕೈಲಿ ಕೊಟ್ರೆ ಅವನು ಕರೆದ ಡ್ರೆಮೋರಾ ಅವನ ಲೆಕ್ಕ, ನೀವು ಕರೆದ ಅಟ್ರೊನಾಕ್ ನಿಮ್ಮ ಲೆಕ್ಕ, ಇಬ್ಬರಿದ್ದೋರು ನಾಲ್ಕು ಜನ ಆಗ್ತೀರಾ. ನೀವೂ ರೂಮಲ್ಲಿ ನಾಲ್ಕು ಜನ ಅಂದ್ರಲ್ಲ, ಸರಿಯಾಗಿ ಹೊಂದುತ್ತೆ. ಫೈರ್‌ಬಾಲ್ ದಂಡ ಮಾತ್ರ ಅವರ ಕೈಗೆ ಕೊಡ್ಬೇಡಿ, ಮೇಲೆ ದಾವಣಗೆರೆ ಹುಡುಗನ ಪತ್ರ ಓದಿ, ಅವರು ಹೊಡೆಯೋವಾಗ ಆ 15 ಅಡಿಯೊಳಗೆ ನಿಂತಿರೋದು ನೀವು.

ಯಾರನ್ನ ಇಟ್ಕೊಳ್ಲಿ ಅಂದ್ರಿ. ಶುರುನಲ್ಲಿ 500 ಚಿನ್ನ ಇದ್ರೆ ರಿಫ್ಟನ್ ಛತ್ರದಲ್ಲಿ ಮಾರ್ಕ್ಯುರಿಯೋ ಸಿಗ್ತಾನೆ, ಒಳ್ಳೆ ಮಂತ್ರವಾದಿ, ಆದ್ರೆ ನಿಮ್ಗೆ ಮುಂದೆ ನಿಂತು ಏಟು ತಿನ್ನೋರು ಬೇಕು, ಅದಕ್ಕೆ ಲಿಡಿಯಾನೇ ಸರಿ, ಅವಳಿಗೆ ಒಳ್ಳೆ ಭಾರದ ರಕ್ಷೆ ಮಾಡ್ಸಿಕೊಡಿ. ಆಮೇಲೆ ಮಂತ್ರವಿದ್ಯೆ ಕಲಿಸೋ ವಿಂಟರ್‌ಹೋಲ್ಡ್ ಕಾಲೇಜಿಗೆ ಸೇರಿ. ಅಲ್ಲಿ ಆನ್‌ಮಂಡ್ ಅಂತ ಒಬ್ಬ ನಾರ್ಡ್ ಹುಡುಗ, ಮನೆತನದ ತಾಯತ ಅಲ್ಲೇ ಇರೋ ಎಂಥಿರ್ ಅನ್ನೋನಿಗೆ ಕೊಟ್ಟುಬಿಟ್ಟು ಈಗ ಪಶ್ಚಾತ್ತಾಪ ಪಡ್ತಾ ಇರ್ತಾನೆ, ಎಂಥಿರ್ ಅದನ್ನ ವಾಪಸ್ ಕೊಡ್ಬೇಕಂದ್ರೆ ತಾನು ಕಳ್ಕೊಂಡ ಗ್ರ್ಯಾಂಡ್ ಸ್ಟಾಫ್ ಆಫ್ ಚಾರ್ಮಿಂಗ್ ತಂದುಕೊಡು ಅಂತಾನೆ. ಒಂದು ದಂಡ ಕೊಟ್ಟು ಒಬ್ಬ ಗೆಳೆಯನನ್ನ ಗಳಿಸೋ ಕಥೆ ಇದು, ದಂಡ ಕೈಗೆ ಬಂದಾಗ ಇಟ್ಕೊಂಡುಬಿಡೋಣ ಅನ್ಸುತ್ತೆ, ಇಟ್ಕೋಬೇಡಿ. ತಾಯತ ತಗೊಂಡು ಹೋಗಿ ಆನ್‌ಮಂಡ್ ಕೈಲಿಟ್ಟಾಗ ಅವನು ಎಲ್ಲಿಗೆ ಬೇಕಾದ್ರೂ ಬರ್ತೀನಿ ಅಂತಾನೆ.

ನಿಮ್ಮ ಪಂಥಕ್ಕೆ ಹೇಳಿ ಮಾಡ್ಸಿದ ಜಾಗ ಲ್ಯಾಬಿರಿಂಥಿಯನ್. ಕಾಲೇಜಿನ ಕಥೇಲಿ ಸ್ಟಾಫ್ ಆಫ್ ಮ್ಯಾಗ್ನಸ್ ತರೋಕೆ ಅಲ್ಲಿಗೆ ಹೋಗ್ಲೇಬೇಕು. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ದೊಡ್ಡ ಹಾಲ್‌ನಲ್ಲಿ ಅಸ್ಥಿಪಂಜರಗಳ ಗುಂಪು, ಜೊತೆಗೆ ಬರೀ ಮೂಳೆಯ ಒಂದು ಡ್ರ್ಯಾಗನ್. ಅದು ದಾಟಿದ್ಮೇಲೆ ಇನ್ನೂ ಕಷ್ಟ, ಎಲ್ಲಿಂದಲೋ ಒಂದು ಧ್ವನಿ ಮಾತಾಡುತ್ತೆ, ಮಾತಾಡಿದಾಗೆಲ್ಲಾ ನಿಮ್ಮ ಮ್ಯಾಜಿಕಾ ಸೋರಿಹೋಗುತ್ತೆ. ಮಂತ್ರಾನೇ ನಂಬಿದ ಮಾಂತ್ರಿಕರು ಅಲ್ಲಿ ಬರಿಗೈ ಆಗ್ತಾರೆ, ನೀಲಿ ಪಟ್ಟಿ ಸೊನ್ನೆ, ಎದುರಿಗೆ ಡ್ರಾಗರ್. ನಿಮ್ಗೆ ಆ ಚಿಂತೆನೇ ಇಲ್ಲ, ದಂಡಕ್ಕೆ ಮ್ಯಾಜಿಕಾ ಬೇಡ. ಚೀಲದಲ್ಲಿ ತುಂಬಿದ ಕಾಮನ್ ಜೆಮ್ ಹತ್ತಿಪ್ಪತ್ತು ಇಟ್ಕೊಂಡು ಹೋಗಿ, ಆ ಧ್ವನಿ ಎಷ್ಟು ಬೇಕಾದ್ರೂ ಮಾತಾಡ್ಲಿ.

ಕೊನೇ ಕೋಣೆಯಲ್ಲಿ ಆ ಧ್ವನಿಯ ಒಡೆಯ ಮೊರೊಕೈ ಇರ್ತಾನೆ, ಡ್ರ್ಯಾಗನ್ ಪ್ರೀಸ್ಟ್, ಅಂದ್ರೆ ಡ್ರ್ಯಾಗನ್‌ಗಳನ್ನ ಪೂಜಿಸ್ತಿದ್ದ ಹಳೇ ಅರ್ಚಕ, ಕೈಲಿ ಸ್ಟಾಫ್ ಆಫ್ ಮ್ಯಾಗ್ನಸ್. ಇಬ್ಬರು ಮಾಂತ್ರಿಕರು ಅವನ ಸುತ್ತ ರಕ್ಷೆ ಹಿಡಿದು ನಿಂತಿರ್ತಾರೆ, ಮೊದ್ಲು ಅವರನ್ನ ಕೆಡವಿ. ಲಿಡಿಯಾನ ಒಂದು ಕಡೆಗೆ ಬಿಟ್ಟು ನೀವು ಇನ್ನೊಂದು ಕಡೆ ಹೋಗಿ, ಒಂದೇ ದಿಕ್ಕಲ್ಲಿ ಇಬ್ಬರೂ ನಿಂತ್ರೆ ಮೊರೊಕೈ ಮಿಂಚು ಇಬ್ಬರ ಮೇಲೂ ಬರುತ್ತೆ. ಅವನು ಬಿದ್ದ ಮೇಲೆ ಸಿಗೋ ದಂಡ ಸೆಕೆಂಡ್‌ಗೆ 20 ಮ್ಯಾಜಿಕಾ ಎಳ್ಕೊಳ್ಳುತ್ತೆ, ಎದುರಾಳಿ ಹತ್ರ ಮ್ಯಾಜಿಕಾ ಮುಗಿದ್ರೆ ಜೀವ ಎಳೆಯೋಕೆ ಶುರು ಮಾಡುತ್ತೆ. ಮಾಂತ್ರಿಕರ ಮೇಲೆ ಇದಕ್ಕಿಂತ ಒಳ್ಳೆ ದಂಡ ನಾನು ಕಂಡಿಲ್ಲ.

2012ರ ಡ್ರ್ಯಾಗನ್‌ಬಾರ್ನ್ ಭಾಗ ನಿಮ್ಮ ಹತ್ರ ಇದ್ರೆ, ಸ್ಪೆಷಲ್ ಎಡಿಷನ್ ಆದ್ರೆ ಇದ್ದೇ ಇರುತ್ತೆ, ಹಡಗು ಹತ್ತಿ ಸೋಲ್‌ಸ್ಟೈಮ್ ದ್ವೀಪಕ್ಕೆ ಹೋಗಿ. ಟೆಲ್ ಮಿಥ್ರಿನ್‌ನಲ್ಲಿ ದೊಡ್ಡ ಅಣಬೆಯೊಳಗೆ ಮನೆ ಮಾಡ್ಕೊಂಡಿರೋ ನೆಲೋತ್ ಅನ್ನೋ ಮುದುಕ ಮಾಂತ್ರಿಕ ಇದಾನೆ, ಮಾತು ಒರಟು. ಅವನು ಹೇಳಿದ ಕೆಲಸ ಮಾಡ್ತಾ ಹೋದ್ರೆ ದಂಡ ತಯಾರಿಸೋ ಮೇಜು ಬಳಸೋಕೆ ಬಿಡ್ತಾನೆ. ಖಾಲಿ ದಂಡ ಒಂದು, ಹಾರ್ಟ್ ಸ್ಟೋನ್ ಅನ್ನೋ ಕಲ್ಲು, ಆ ಮಂತ್ರ ನಿಮ್ಗೆ ಗೊತ್ತಿರ್ಬೇಕು, ಇಷ್ಟೇ. ಇಡೀ ಆಟದಲ್ಲಿ ಬೇಕಾದ ದಂಡ ಕೈಯಾರೆ ಮಾಡ್ಕೊಳ್ಳೋ ಜಾಗ ಅದು. ಮಂತ್ರ ಕಲಿಯೋದು ಪಂಥಕ್ಕೆ ಅಡ್ಡಿ ಆಗುತ್ತಾ ಅಂತ ರೂಮಿನವರ ಹತ್ರ ಮೊದ್ಲೇ ಮಾತಾಡ್ಕೊಳಿ.

ಮಂಡ್ಯದಿಂದ, ನರ್ಸಿಂಗ್ ವಿದ್ಯಾರ್ಥಿನಿ

ಅಣ್ಣಾ, ಒಬ್ಬರನ್ನ ಮಾತ್ರ ಕರ್ಕೊಂಡ್ ಹೋಗ್ಬಹುದು ಅಂತಾರಲ್ಲ, ನಂಗೆ ನಾಯಿನೂ ಬೇಕು. ಸಿಗುತ್ತಾ?

ಸಿಗುತ್ತಮ್ಮಾ. ಮನುಷ್ಯ ಜೊತೆಗಾರ ಒಬ್ಬ, ಅದರ ಜೊತೆ ಪ್ರಾಣಿ ಒಂದು, ಎರಡೂ ಇಟ್ಕೋಬಹುದು. ನಾಯಿ ಮುಂದೆ ಓಡಿ ಶತ್ರುನ ಮೊದ್ಲೇ ಹಿಡಿಯುತ್ತೆ, ನಿಂಗೆ ಗುರಿ ಇಡೋಕೆ ಹೊತ್ತು ಸಿಗುತ್ತೆ, ಆದ್ರೆ ಬಾಗಿಲಲ್ಲಿ ಅಡ್ಡ ನಿಲ್ಲುತ್ತೆ, ಅದಕ್ಕೆ ಬೈಬೇಡ. ಜೀವ ಕಡಿಮೆ ಅದಕ್ಕೆ, ಬೆಂಕಿ ಗೋಡೆ ಎಬ್ಬಿಸೋ ದಂಡ ಮಾತ್ರ ನಾಯಿ ಜೊತೆ ಇರೋವರೆಗೂ ಮನೆ ಪೆಟ್ಟಿಗೇಲಿ ಇಟ್ಟುಬಿಡು, ಆ ಬೆಂಕಿ ಮೇಲೇನೇ ಓಡಾಡುತ್ತೆ ಅದು.

ದುಡ್ಡು ಕೊಟ್ಟು ಮಾರ್ಕಾರ್ಥ್ ಕಡೆ ವಿಜಿಲೆನ್ಸ್ ಅನ್ನೋ ನಾಯಿ ತಗೋಬಹುದು. ನಾನಾದ್ರೆ ಮೀಕೋನ ಕರ್ಕೊಂಡ್ ಬರ್ತೀನಿ. ಸಾಲಿಟ್ಯೂಡ್ ಮತ್ತೆ ಮಾರ್ಥಲ್ ನಡುವಿನ ಕಾಡು ದಾರೀಲಿ ಒಂಟಿ ನಾಯಿ ಒಂದು ಓಡಾಡ್ತಾ ಇರುತ್ತೆ, ಮಾತಾಡ್ಸು, ಮುಂದೆ ಮುಂದೆ ಹೋಗಿ ತಿರುಗಿ ನೋಡುತ್ತೆ, ಹಿಂದೇನೇ ಹೋಗು. ಒಂದು ಸಣ್ಣ ಗುಡಿಸಲಿಗೆ ಕರ್ಕೊಂಡ್ ಹೋಗುತ್ತೆ. ಒಳಗೆ ಅದರ ಯಜಮಾನ ಹಾಸಿಗೇಲೇ ತೀರ್ಕೊಂಡಿದಾನೆ, ಪಕ್ಕದಲ್ಲಿ ಒಂದು ಡೈರಿ, ಓದು, ಎರಡೇ ಪುಟ. ಆಮೇಲೆ ನಾಯಿ ಹತ್ರ ಬಂದು ಜೊತೆಗೆ ಬಾ ಅನ್ನೋ ಆಯ್ಕೆ ಒತ್ತು. ಮೊದಲ ಸಲ ಅದು ಹಾಸಿಗೆ ಪಕ್ಕದಿಂದ ಎದ್ದು ನನ್ನ ಹಿಂದೆ ಬಾಗಿಲು ದಾಟಿ ಹಿಮಕ್ಕೆ ಬಂದಾಗ ನಾನು ಕೈಲಿದ್ದ ದಂಡ ಒಳಗೆ ಹಾಕಿ, ಮಾರ್ಥಲ್‌ವರೆಗೂ ಓಡದೇ ನಡ್ಕೊಂಡೇ ಹೋಗಿದ್ದೆ.